ಸ್ಪೀಕರ್ ಕುರ್ಚಿಗೆ ಹಿಡಿ ಇರಲಿಲ್ಲ

“ಪ್ರಾಣ ಹೋದ್ರೂ ಆ ಕುರ್ಚಿ ಮನೆ ಬಿಟ್ಟು ಹೋಗಲ್ಲ! ಇದೇ ನನ್ನ ಕೊನೇ ಮಾತು!”

ಕಟಿಂಗ್ ಶಾಪಿನ ಯಜಮಾನ ಹೀಗೆ ಗುಡುಗಿದ್ದು ಸಂಸತ್ ಭವನದ ಮೆಟ್ಟಿಲ ಮೇಲೆ. ರಜೆಯ ದಿನ, ಹೆಂಡತಿಯ ಜೊತೆ ಭವನ ನೋಡಲು ಬಂದಿದ್ದ. ಅಂಗಡಿಗೆ ಹೊಸ ಕುರ್ಚಿ ಬಂದಾಗ ಹಳೆಯ ತಿರುಗುವ ಕುರ್ಚಿಯನ್ನು ಮನೆಯ ಹಾಲ್‌ನಲ್ಲಿ ಪ್ರತಿಷ್ಠಾಪಿಸಿದ್ದ. ಇಪ್ಪತ್ತಾರು ವರ್ಷ ಅದರ ಹಿಂದೆ ನಿಂತು ದುಡಿದವನಿಗೆ ಅದನ್ನು ಕೊಟ್ಟುಬಿಡಲು ಮನಸ್ಸೇ ಇಲ್ಲ. ದಿನಕ್ಕೆ ಮೂರು ಸಲ ಅದಕ್ಕೆ ಮೊಣಕಾಲು ಬಡಿಸಿಕೊಳ್ಳುವ ಹೆಂಡತಿಗೋ, ಅದು ತೊಲಗಿದರೆ ಸಾಕಾಗಿತ್ತು.

“ಸಂಜೆ ಐದಕ್ಕೆ ಗುಜರಿಯವನು ಬರ್ತಾನೆ. ಕೊನೇ ಮಾತು ಅವನ ಹತ್ರ ಆಡಿ” ಎಂದಳು ಆಕೆ.

ಸಭಾಂಗಣದಲ್ಲಿ ಗೈಡ್ ಹುಡುಗಿ ಬಂದ ಮೂವತ್ತು ಜನರನ್ನೂ ಸದಸ್ಯರ ಸೀಟುಗಳಲ್ಲಿ ಕೂರಿಸಿದಳು. “ತಮಾಷೆಗೆ ಒಂದು ಕಲಾಪ ನಡೆಸೋಣ. ಸ್ಪೀಕರ್ ಆಗೋರು ಯಾರು?” ಎಂದದ್ದೇ ತಡ, ಯಜಮಾನ ಮೂರೇ ಹೆಜ್ಜೆಗೆ ಪೀಠದ ಮೇಲಿದ್ದ!

“ಸದ್ದು! ವಿಷಯ: ನಮ್ಮನೆ ಹಾಲ್‌ನಲ್ಲಿರೋ ಕುರ್ಚಿ. ತೀರ್ಪು: ಅದು ಅಲ್ಲೇ ಇರುತ್ತೆ!”

“ರೀ, ಏನ್ರೀ ಇದು?”

“ರೀ ಗೀ ಅನ್ನಬಾರದು. ಸನ್ಮಾನ್ಯ ಸಭಾಧ್ಯಕ್ಷರೇ ಅನ್ನಬೇಕು!”

“ಸನ್ಮಾನ್ಯ ಸಭಾಧ್ಯಕ್ಷರೇ, ಕೆಳಗಿಳೀರಿ. ಮಾನ ಹೋಗ್ತಿದೆ.”

ಸಭೆ ಗೊಳ್ಳೆಂದಿತು. ಸಭಾಧ್ಯಕ್ಷರು ಇನ್ನಷ್ಟು ಉಬ್ಬಿದರು. ಎಲ್ಲರಿಗೂ ಕಾಣುವಂತೆ ಇನ್ನೊಂದು ಗೇಣು ಮೇಲೇರೋಣವೆನಿಸಿತು. ದಿನಕ್ಕೆ ಐವತ್ತು ಸಲ ಗಿರಾಕಿಯ ಕುರ್ಚಿ ಏರಿಸುವ ಕೈ ತಾನಾಗಿಯೇ ಬಲಗಡೆಯ ಹಿಡಿ ಹುಡುಕಿತು. ಸ್ಪೀಕರ್ ಕುರ್ಚಿಗೆ ಎಲ್ಲಿಯ ಹಿಡಿ? ಸಿಕ್ಕಿದ್ದೊಂದು ಗುಂಡಿ. ಒತ್ತಿದ. ಕುರ್ಚಿ ಏರಲಿಲ್ಲ. ಜೋರಾಗಿ ಒತ್ತಿದ.

ಟ್ರಿಣ್‌ಣ್‌ಣ್! ಇಡೀ ಭವನದಲ್ಲಿ ಮತದಾನದ ಗಂಟೆ! ಕಾವಲುಗಾರರು ಓಡಿ ಬಂದರು, ಕ್ಯಾಂಟೀನಿನವರು ಸೌಟು ಸಮೇತ ಬಂದರು, ಗುಮಾಸ್ತರೊಬ್ಬರು ಕಡತ ತಬ್ಬಿಕೊಂಡು ಏದುಸಿರು ಬಿಡುತ್ತ ಬಂದರು. ಅವರ ಬೆನ್ನಿಗೇ ಬಾಗಿಲುಗಳು ದಢಾರನೆ ಮುಚ್ಚಿಕೊಂಡವು.

“ಅಯ್ಯೋ ಸರ್, ಏನ್ ಮಾಡಿದ್ರಿ!” ಗೈಡ್ ತಲೆಯ ಮೇಲೆ ಕೈಯಿಟ್ಟಳು. “ಮತ ಎಣಿಸೋವರೆಗೂ ಬಾಗಿಲು ತೆಗೆಯಲ್ಲ. ಈಗ ಯಾವುದಾದ್ರೂ ವಿಷಯಕ್ಕೆ ಮತ ಹಾಕಲೇಬೇಕು!”

“ವಿಷಯಕ್ಕೇನು ಬರ?” ಎನ್ನುತ್ತ ಹೆಂಡತಿ ಎದ್ದಳು. ತನ್ನ ಮೊಣಕಾಲಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿಟ್ಟಳು. ಕಾವಲುಗಾರರೂ ಲೊಚಗುಟ್ಟಿದರು.

ಸೀಟಿನಲ್ಲಿ ಕೂತವರು ಎದುರಿನ ಹಸಿರು ಗುಂಡಿ ಒತ್ತಿದರೆ ಕುರ್ಚಿ ಇರಬೇಕು, ಕೆಂಪು ಒತ್ತಿದರೆ ಹೋಗಬೇಕು. ಗೋಡೆಯ ಫಲಕ ಮಿನುಗಿತು: ಹಸಿರು ಒಂದು, ಕೆಂಪು ಇಪ್ಪತ್ತೆಂಟು!

“ನನ್ನ ಮತ?” ಯಜಮಾನ ಗೋಗರೆದ.

“ಸ್ಪೀಕರ್ ಮತ ಹಾಕೋ ಹಾಗಿಲ್ಲ ಸರ್. ಸಮಸಮ ಬಂದ್ರೆ ಮಾತ್ರ.”

ಹೊರಗೆ ಬಂದವನ ಮುಖ ಸಣ್ಣಗಾಗಿತ್ತು. “ಆ ಒಬ್ಬ ಪುಣ್ಯಾತ್ಮ ಯಾರೋ! ಸಿಕ್ಕಿದ್ರೆ ಜೀವಮಾನವಿಡೀ ಬಿಟ್ಟಿ ಕಟಿಂಗ್ ಮಾಡ್ತಿದ್ದೆ.”

“ನಾನೇ ಕಣ್ರೀ” ಎಂದಳು ಹೆಂಡತಿ. “ಅಷ್ಟು ಎತ್ತರದಲ್ಲಿ ಒಬ್ರೇ ಕೂತಿದ್ರಿ. ನೋಡಿ ಪಾಪ ಅನ್ನಿಸ್ತು.”

ಯಜಮಾನನ ಕಣ್ಣು ತುಂಬಿತು. “ಹಾಗಾದ್ರೆ... ಕುರ್ಚಿ ಇರಲಿ ಅಂತೀಯಾ?”

“ನಾನೇನೋ ಅಂದೆ. ಇಪ್ಪತ್ತೆಂಟು ಜನ ಬೇಡ ಅಂದ ಮೇಲೆ ಏನ್ ಮಾಡೋಕಾಗುತ್ತೆ? ಬೇಗ ನಡೀರಿ, ಅಷ್ಟು ಭಾರ ಗುಜರಿಯವನೊಬ್ಬನಿಗೇ ಎತ್ತೋಕಾಗಲ್ಲ. ಒಂದು ಕಡೆ ನೀವು ಹಿಡೀಬೇಕು!”