ಬಾಗಿಲು ಹಾಕಿಕೊಂಡು ಕುಟ್ಟಿದ ಖಾರ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಆದ್ದರಿಂದ ಈ ಬರಹದಲ್ಲಿ ದೋಷಗಳು ಕಂಡುಬಂದರೆ ಅವು ನನ್ನವೇ ಹೊರತು ಕಾಲೇಜಿನವಲ್ಲವೆಂದು ಓದುಗರು ದಯವಿಟ್ಟು ಭಾವಿಸಬೇಕು. ಇದಕ್ಕಿಂತ ದೊಡ್ಡ ಆತಂಕ ಇನ್ನೊಂದಿದೆ. ಬರೆಯುತ್ತಿರುವುದು ನಮ್ಮ ಸೋದರತ್ತೆಯ ಬಗ್ಗೆ. ಅತ್ತೆಗೋ ಬರೆಯುವವರ ಮೇಲೂ ಸಂಶಯ!

ಅವರ ಸಂಶಯಕ್ಕೆ ಹೊರತಾದವರು ಯಾರೂ ಇರಲಿಲ್ಲ. ಗಣಪತಿ ಗುಡಿಗೆ ತೆಂಗಿನಕಾಯಿ ಒಯ್ಯುವ ಮುನ್ನ ಅದರ ಮೇಲೆ ಬಳೆಚೂರಿನಿಂದ ಒಂದು ಗೆರೆ ಎಳೆಯುತ್ತಿದ್ದರು. ಮರಳಿ ಕೈಗೆ ಬಂದ ಹೋಳು ತಮ್ಮದೇ ಎಂದು ಖಾತ್ರಿಯಾದ ಮೇಲೆಯೇ ನಮಸ್ಕಾರ!

"ದೇವರ ಮ್ಯಾಲೂ ನಂಬಿಕಿ ಇಲ್ಲೇನ್ರೀ ಅತ್ತಿ?"

"ದೇವರ ಮ್ಯಾಲೆ ಭಾಳ ಅದ. ಕಾಯಿ ಒಡಿಯಾಂವ ದೇವರಲ್ಲಲ್ಲ!"

ನನ್ನ ತಂದೆಯ ಅಕ್ಕನಾದ ಇವರು ಮರಾಠಿ ಸೀಮೆಯ ನಿಗಡಿಯಲ್ಲಿ ನಮ್ಮ ಜೊತೆಗೇ ಇದ್ದರು. ಹತ್ತಿರದ ಭೋಸರಿಯಲ್ಲಿ ಅಪ್ಪ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿ ಅವರು ಮನೆಯಲ್ಲಿ ಕುಳಿತ ಮೇಲೆ ನಮ್ಮ ಒಲೆ ಉರಿದದ್ದು ಅತ್ತೆ ಮಾಡಿ ಮಾರುತ್ತಿದ್ದ ಮಸಾಲಿ ಖಾರದಿಂದ. ಬ್ಯಾಡಗಿ ಮೆಣಸಿನಕಾಯಿ, ಒಣಕೊಬ್ಬರಿ, ಬೆಳ್ಳುಳ್ಳಿ ಎಂಬಷ್ಟು ಎಲ್ಲರಿಗೂ ಗೊತ್ತು. ಇನ್ನೇನು ಬೀಳುತ್ತದೆ, ಯಾವುದು ಎಷ್ಟು ಹುರಿಯಬೇಕು ಎಂಬುದು ಅತ್ತೆಗೆ ಮಾತ್ರ. ಹದ ಕೂಡಿಸುವಾಗ ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಅಗಳಿ! ಹಿಂದೊಮ್ಮೆ ಜೊತೆಗೆ ಕುಟ್ಟಲು ಬರುತ್ತಿದ್ದ ಗೆಳತಿಯೊಬ್ಬಳು ಹದ ಕಲಿತುಕೊಂಡು ಎದುರು ಓಣಿಯಲ್ಲೇ ಖಾರದ ಅಂಗಡಿ ಇಟ್ಟಳಂತೆ. ಅಂದಿನಿಂದ ನಮ್ಮ ಅವ್ವನಿಗೂ ಒಳಗೆ ಪ್ರವೇಶವಿರಲಿಲ್ಲ. ಅತ್ತೆ ಹಾಸಿಗೆ ಹಿಡಿದರೆ ಮನೆ ನಡೆಯುವುದು ಹೇಗೆ ಎಂಬ ಅಂಜಿಕೆ ಎಲ್ಲರಲ್ಲೂ ಇತ್ತು. ಅದನ್ನು ಅವರೆದುರು ಆಡುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಹೊಸ ಶತಮಾನದ ಆರಂಭದ ವರ್ಷಗಳವು. ಪದವಿ ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ನಾನು, ಓದಿದ್ದು ವ್ಯರ್ಥವಾಗಲಿಲ್ಲವೆಂದು ತೋರಿಸಲು ಖಾರಕ್ಕೊಂದು ವೆಬ್‌ಸೈಟ್ ಮಾಡುವುದಾಗಿ ಘೋಷಿಸಿದೆ. ಪುಟಗಳನ್ನು ನಾವೇ ಬರೆದು, ಚಿತ್ರ ಹಾಕಿ, ಬೇಕೆಂದಾಗ ಬದಲಿಸಬಹುದಾದ ಸಿದ್ಧ ಸಾಫ್ಟ್‌ವೇರ್ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತಿತ್ತು.

"ಪುಕ್ಕಟೆ? ಯಾಕ?"

"ಎಷ್ಟೋ ದೇಶದ ಮಂದಿ ಕೂಡಿ ಮಾಡ್ಯಾರ್ರೀ ಅತ್ತಿ. ಹ್ಯಾಂಗ ಮಾಡೀವಿ ಅನ್ನೋದನ್ನೂ ಬಿಚ್ಚಿ ತೋರಿಸ್ಯಾರ. ಯಾರು ಬೇಕಾದವರು ನೋಡಬಹುದು, ತಿದ್ದಬಹುದು."

ಅತ್ತೆ ಕನ್ನಡಕ ಸರಿಸಿ ನನ್ನನ್ನೇ ನೋಡಿದರು. "ತಮ್ಮ ಹದಾ ತಾವ ಬೀದ್ಯಾಗ ಹರವ್ಯಾರ? ಅವರ ಮನ್ಯಾಗ ಹಿರ್ಯಾರು ಯಾರೂ ಇಲ್ಲೇನು?"

ಮೊದಲ ದಿನವೇ ವಿಘ್ನ. ಆ ಸಾಫ್ಟ್‌ವೇರ್ ತನ್ನೊಡನೆ ಒಂದು ಮಾದರಿ ಪುಟವನ್ನೂ, ಅದರಡಿಗೆ ಯಾರೋ ಬರೆದಂತಿರುವ ಮಾದರಿ ಅಭಿಪ್ರಾಯವನ್ನೂ ಹೊತ್ತುಕೊಂಡೇ ಬರುತ್ತದೆ. ಅದನ್ನು ಅತ್ತೆಗೆ ಓದಿ ಹೇಳಿದ್ದು ನನ್ನ ತಪ್ಪು.

"ಅಂಗಡಿ ಬಾಗಲಾ ನಾವಿನ್ನೂ ತಗದಿಲ್ಲ. ಒಳಗ ಬಂದು ಕುಂತಾಂವ ಯಾರಿಂವಾ?"

ಎಷ್ಟು ವಿವರಿಸಿದರೂ ವ್ಯರ್ಥ. ಅಂದಿನಿಂದ ಖಾರ ಕೂಡಿಸುವ ಮೊದಲು ಪಕ್ಕದ ಕೋಣೆಯ ಕಂಪ್ಯೂಟರಿನ ಮೇಲೆ ಟಾವೆಲ್ ಬೀಳತೊಡಗಿತು. "ನಮಗ ಅವರು ಕಾಣ್ತಾರಂದ್ರ ಅವರಿಗೆ ನಾವು ಕಾಣೂದಿಲ್ಲಂತ ನಿನಗ ಯಾರು ಹೇಳ್ಯಾರ?" ಪದವೀಧರೆಯಾದ ನಾನು ಟಾವೆಲಿನ ಅಂಚು ಎಳೆದು ಸರಿಪಡಿಸಿದೆ!

ಖಾರದಲ್ಲಿ ಏನೇನಿದೆ ಎಂದು ಬರೆಯುವ ಪ್ರಸಂಗ ಬಂತು.

"ಜಾಜಿಕಾಯಿ ಅಂತ ಬರಿ."

"ನೀವು ಜಾಜಿಕಾಯಿ ಹಾಕ್ತೀರೇನ್ರೀ?"

"ಇಲ್ಲ. ನಕಲ ಮಾಡಾವರು ಹಾಕಿ ಕೆಡಿಸ್ಕೊಳ್ಳಿ!"

ಇಂಗ್ಲಿಷಿನಲ್ಲಿ ಹಾಗೆಯೇ ಬರೆದೆ. ಕೆಲವೇ ದಿನಗಳಲ್ಲಿ ಹಳೆಯ ಗಿರಾಕಿಯೊಬ್ಬರು ಸೈಟಿನಲ್ಲೇ ಅಭಿಪ್ರಾಯ ಹಾಕಿದರು: ಖಾರ ಉತ್ತಮವಾಗಿದೆ, ಆದರೆ ಇತ್ತೀಚೆಗೆ ಜಾಜಿಕಾಯಿಯ ಘಾಟು ತುಸು ಹೆಚ್ಚಾಗಿದೆ!

ಮುಂದಿನ ಸಂಕಟ ಅಕ್ಷರಗಳದು. ನಾನು ಟೈಪು ಮಾಡಿದ ಕನ್ನಡವೆಲ್ಲ ಬರೀ ಖಾಲಿ ಚೌಕಗಳಾಗಿ ಕಾಣುತ್ತಿತ್ತು. ಆ ಸಾಫ್ಟ್‌ವೇರ್ ಬಳಸುವವರು ಪರಸ್ಪರ ಪ್ರಶ್ನೆ ಕೇಳಿಕೊಳ್ಳುವ ತಾಣದಲ್ಲಿ ಅಳುಕುತ್ತಲೇ, ಇಂಗ್ಲಿಷಿನ ವ್ಯಾಕರಣವನ್ನು ಪದೇ ಪದೇ ಪರಿಶೀಲಿಸಿ, ಸಹಾಯ ಕೇಳಿದೆ. ಯಾವುದೋ ದೂರದೇಶದ ತರುಣನೊಬ್ಬ ಮರುದಿನವೇ ದೋಷ ಹುಡುಕಿ ಸರಿಪಡಿಸಿ ಕಳಿಸಿದ. ನಮ್ಮ ಓಣಿಯ ಹೆಸರು ಪರದೆಯ ಮೇಲೆ ಕನ್ನಡದಲ್ಲಿ ಮೂಡಿತು!

"ಅವಂಗ ಏನು ಕೊಟ್ಟಿ?"

"ಏನೂ ಇಲ್ರೀ."

"ನಮ್ಮ ಭಾಷಾ ಬರತದೇನು ಅವಂಗ?"

"ಇಲ್ರೀ."

ಅತ್ತೆ ಉಪಕಾರದ ಋಣವೂ ಒಂದು ಬಲೆಯೇ ಎಂದು ತೀರ್ಮಾನಿಸಿ, ನನ್ನಿಂದ ಅವನ ವಿಳಾಸ ಕೇಳಿಸಿ ಖಾರದ ಪೊಟ್ಟಣವೊಂದನ್ನು ಅಂಚೆಯಲ್ಲಿ ಕಳಿಸಿಬಿಟ್ಟರು. ಅವನು ಸಂತೋಷದಿಂದ ಉತ್ತರ ಬರೆದ: ಬಹಳ ರುಚಿಯಾಗಿದೆ, ಇದನ್ನು ಮಾಡುವುದು ಹೇಗೆ?

ಅತ್ತೆ ಎದ್ದು ನಿಂತು ಬೆರಳು ಎತ್ತಿದರು. "ನೋಡಿದೇನು! ಈಗ ಗೊತ್ತಾತೇನು ಯಾಕ ಪುಕ್ಕಟೆ ಮಾಡಿಕೊಟ್ಟಾನಂತ!"

ಉತ್ತರ ಬರೆಯಕೂಡದೆಂದು ಅಪ್ಪಣೆಯಾಯಿತು.

ಅಷ್ಟಾದರೂ ಸೈಟಿನಿಂದ ಆರ್ಡರುಗಳು ಬರತೊಡಗಿದವು. ದೀಪಾವಳಿಯ ಹೊತ್ತಿಗೆ ಮನೆಯ ತುಂಬ ಮೆಣಸಿನಕಾಯಿ. ಆಗಲೇ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಬಲಗೈ ಮುರಿಯಿತು. ಪ್ಲಾಸ್ಟರಿನ ಕೈಯಲ್ಲೇ ಅಡುಗೆಮನೆಗೆ ಹೋಗಿ ಅಗಳಿ ಹಾಕಿಕೊಂಡರು. ಹೊರಗೆ ನಾವು ಮೂವರು ನಿಂತಿದ್ದೆವು. ಒಳಗಿನಿಂದ ಪಾತ್ರೆ ಉರುಳಿದ ಸದ್ದು, ಆಮೇಲೆ ಕೊಬ್ಬರಿ ಸೀದ ವಾಸನೆ, ಆಮೇಲೆ ಏನೂ ಇಲ್ಲ.

"ಅಕ್ಕಾ, ಬಾಗಲಾ ತಗಿ," ಎಂದರು ಅಪ್ಪ.

ಬಹಳ ಹೊತ್ತಿನ ಮೇಲೆ ಅಗಳಿ ಸರಿಯಿತು. ಅತ್ತೆಯ ಸೆರಗಿನ ತುಂಬ ಕೆಂಪು ಪುಡಿ, ಕಣ್ಣಿನ ತುಂಬ ನೀರು. "ಖಾರ ಹೋಗೇದ ಕಣ್ಣಾಗ," ಎಂದರು. ನನಗೆ ಸಂಶಯ ಬಂತು. ಆ ಮನೆಯಲ್ಲಿ ಬೆಳೆದವಳಲ್ಲವೇ!

"ಬಾ ಶಾಂತಾ," ಎಂದು ಅವ್ವನನ್ನು ಕರೆದರು. "ಕೂಡು. ಹೇಳ್ತೀನಿ. ನೀನೂ ಬಾರವ್ವ."

ಡಬ್ಬಿಗಳ ಮುಚ್ಚಳಗಳು ಒಂದೊಂದಾಗಿ ತೆರೆದವು. ಅವ್ವ ಹುರಿದಳು, ಅತ್ತೆ ಪಕ್ಕದಲ್ಲಿ ಕುಳಿತು ಮೂಗಿನಿಂದಲೇ ಹದ ಹೇಳಿದರು. ಎಲ್ಲ ಮುಗಿದ ಮೇಲೆ ನನ್ನತ್ತ ತಿರುಗಿದರು.

"ಆ ಪರದೇಶದ ಹುಡುಗ... ಪಾಪ, ಕೇಳಿದ್ದ. ಅವಂಗೂ ಬರದು ಕಳಸು." ಸೆರಗಿನ ಪುಡಿ ಕೊಡವುತ್ತ ಸೇರಿಸಿದರು, "ಜಾಜಿಕಾಯಿ ಬರೀಬ್ಯಾಡ."

ಅತ್ತೆಯ ಕೈ ಮತ್ತೆ ಕುಟ್ಟುವಷ್ಟು ಗಟ್ಟಿಯಾಗಲಿಲ್ಲ. ಈಗ ಖಾರ ಮಾಡುವವರು ಅವ್ವ ಮತ್ತು ಓಣಿಯ ಇಬ್ಬರು ಹೆಂಗಸರು. ಅಪ್ಪ ಪೊಟ್ಟಣ ಕಟ್ಟುತ್ತಾರೆ, ನಾನು ಸೈಟ್ ನೋಡಿಕೊಳ್ಳುತ್ತೇನೆ. ನಮ್ಮ ಅಡುಗೆಮನೆಯ ಬಾಗಿಲಿಗೆ ಯಾರೂ ಅಗಳಿ ಹಾಕುವುದಿಲ್ಲ.