ಮೂರನೇ ಫಾರಂ

ಕೊಳ್ಳೇಗಾಲದ ಸದಾಶಿವಪ್ಪನವರ ಪ್ರೆಸ್ಸಿನಲ್ಲಿ ಒಂದೇ ವಾರಕ್ಕೆ ಮೂರು ಪುಸ್ತಕ ಅಚ್ಚಾದದ್ದೇ ತೊಂದರೆಗೆ ಮೂಲ. ಒಂದು, ಬೆಟ್ಟಗಳಿಗೆ ಬರುವ ಪ್ರವಾಸಿಗರ ಕೈಪಿಡಿ. ಇನ್ನೊಂದು, ಯಳಂದೂರಿನ ನಿವೃತ್ತ ಮೇಷ್ಟ್ರು ಪುಟ್ಟಸಿದ್ದಯ್ಯ ಬರೆದ ತಮ್ಮ ವಂಶದ ಚರಿತ್ರೆ. ಮತ್ತೊಂದು, ಒಂದು ಕಾಲೇಜಿನ ಫುಟ್‌ಬಾಲ್ ತಂಡದ ಐವತ್ತು ವರ್ಷದ ಕತೆ. ಮೂರಕ್ಕೂ ಒಂದೇ ಅಳತೆ, ಒಂದೇ ಕಾಗದ, ಇನ್ನೂರೈವತ್ತೇ ಪ್ರತಿ. ಹದಿನಾರು ಪುಟದ ಒಂದೊಂದು ಮಡಿಕೆಗೆ ಪ್ರೆಸ್ಸಿನವರು ಫಾರಂ ಅನ್ನುತ್ತಾರೆ. ಅದರ ಮೂಲೆಯಲ್ಲಿ ನಂಬರಿನ ಜೊತೆ ಪುಸ್ತಕದ ಹೆಸರೂ ಇರಬೇಕು. ಸದಾಶಿವಪ್ಪನವರು ಬರೀ ನಂಬರು ಸಾಕೆಂದಿದ್ದರು.

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ಬೈಂಡರ್ ನಿಂಗರಾಜು ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು ಅಂತ ನಂಬರು ನೋಡಿಯೇ ಹೊಲಿದ. ಅವನ ಲೆಕ್ಕ ತಪ್ಪಲಿಲ್ಲ. ಮೂರನೇ ಫಾರಂಗಳು ಮಾತ್ರ ಮನೆ ಬದಲಿಸಿಬಿಟ್ಟಿದ್ದವು. ವಂಶದ್ದು ಕೈಪಿಡಿಗೆ ಹೋಯಿತು, ಕೈಪಿಡಿಯದು ಫುಟ್‌ಬಾಲಿಗೆ, ಫುಟ್‌ಬಾಲಿನದು ವಂಶಕ್ಕೆ.

ಬೆಳಿಗ್ಗೆ ಫುಟ್‌ಬಾಲ್ ಪುಸ್ತಕ ತಿರುವಿದ ಸದಾಶಿವಪ್ಪನವರ ಕನ್ನಡಕ ಮೂಗಿನ ತುದಿಗೆ ಜಾರಿತು.

"ಕೀಪರ್ರು ಬಾಲ್ ಇಡ್ಕಂಡು ರಾಮಾಪುರದ ಬಸ್ ಅತ್ತವ್ನೆ, ನೋಡ್ಲಾ."

ನಿಂಗರಾಜು ನೋಡಿದ. "ಸೋತಿರ್ಬೇಕು ಸಾ. ಊರಿಗ್ ಓಯ್ತಾವ್ನೆ."

"ಬಾಯ್ ಮುಚ್ಲಾ. ಕಾಲೇಜ್ನೋರ್ ಪುಸ್ತಕ ಇಲ್ಲೇ ಅದೆ. ಗೈಡು ಐವತ್ತು ಆಗ್ಲೇ ಹನೂರಿನ್ ಅಂಗ್ಡಿಗ್ ಓಗವೆ, ಮಿಕ್ಕ ಇನ್ನೂರು ಇಲ್ಲೇ ಬಿದ್ದದೆ. ಯಳಂದೂರ್ ಮೇಷ್ಟ್ರುದ್ರಲ್ಲಿ ಅವ್ರ್ ಮನೆಗೆ ಓಗಿರೋ ಮೊದುಲ್ನೇ ನೂರೂ ವಾಪಸ್ ತತ್ತಾ, ಅವ್ರು ಓದೋಕ್ ಮುಂಚೆ. ಬರಿಗೈಲಿ ಬಂದ್ಯೋ, ಸೂಜಿ ದಾರ ಇಲ್ಲೇ ಮಡುಗ್ಬುಟ್ಟು ಮನೆಗ್ ಓಗು."

ನಿಂಗರಾಜುವಿಗೆ ಬರುವ ತಿಂಗಳು ಮದುವೆ. ಕವಿತಳ ಅಪ್ಪ ಹೆಣ್ಣು ಕೊಡಲು ಒಪ್ಪಿದ್ದೇ ಹುಡುಗ ಪ್ರೆಸ್ಸಿನಲ್ಲಿದ್ದಾನೆ ಅಂತ. ಕೆಲಸ ಹೋದರೆ ಹೆಣ್ಣೂ ಹೋದಂತೆ. ಅವನು ದೊಡ್ಡ ಚೀಲ ಹೆಗಲಿಗೇರಿಸಿ ಯಳಂದೂರಿನ ಬಸ್ಸಿಗೆ ಓಡಿದ.

ಮೇಷ್ಟ್ರ ಮನೆ ಮುಂದೆ ವ್ಯಾನೊಂದು ನಿಂತಿತ್ತು. ಜಗಲಿಯ ಮೇಲೆ ಹತ್ತು ಹನ್ನೆರಡು ಜನ ಸಾಲಾಗಿ ಕೂತಿದ್ದರು. ಯಾರೋ ನೆಂಟರು ಪುಸ್ತಕದಲ್ಲಿ ಹೆಸರಿಲ್ಲವೆಂದು ಜಗಳಕ್ಕೆ ಬಂದಿರಬೇಕು ಅಂದುಕೊಂಡ. ಪಕ್ಕದ ಮನೆಯ ಸುವರ್ಣಮ್ಮ ಬಾಗಿಲಲ್ಲೇ ಅಡ್ಡ ಹಾಕಿದಳು.

"ನೀನೂ ಪುಸ್ತಕ ನೋಡ್ಕಂಡ್ ಬಂದೋನಾ?"

"ಪುಸ್ತಕದ್ ಇಚಾರ್ವಾಗೇ ಬಂದೆ ಕಣವ್ವ."

"ಅಂಗಾರೆ ಕಾಲ್ ತೊಳ್ಕ. ಎಲ್ಡನೇ ಪಂಕ್ತಿ."

ಆಗ ಕಂಡಿತು ಕೂತವರೆಲ್ಲರ ಮುಂದಿನ ಎಲೆ. ಅವರು ತುಮಕೂರಿನ ಕಡೆಯ ಪ್ರವಾಸಿಗರು. ಮಾದಪ್ಪನ ಬೆಟ್ಟ ಮುಗಿಸಿ, ಹನೂರಿನಲ್ಲಿ ಕೈಪಿಡಿ ಕೊಂಡು, ಬಿಳಿಗಿರಿ ರಂಗನ ಬೆಟ್ಟದ ದಾರಿ ಹಿಡಿದಿದ್ದರು. ಅವರಲ್ಲೊಬ್ಬರು ಪುಟ ಮೂವತ್ತಮೂರು ತೆರೆದು ಸುವರ್ಣಮ್ಮನಿಗೆ ಓದಿ ಹೇಳುತ್ತಿದ್ದರು: "ಯಳಂದೂರಿನಲ್ಲಿ ಹುಣಸೆ ಮರದ ಎದುರಿಗಿರುವ ಈ ಮನೆಗೆ ಬಂದವರು ಉಣ್ಣದೆ ಹೋದ ದಾಖಲೆ ನಾಲ್ಕು ತಲೆಮಾರಿನಲ್ಲಿಲ್ಲ."

ತಮ್ಮ ವಂಶವನ್ನು ಹೊಗಳಲು ಮೇಷ್ಟ್ರು ರಾತ್ರಿಯೆಲ್ಲ ಕೂತು ತಿದ್ದಿದ ವಾಕ್ಯ ಅದು. ಈಗ ಅದೇ ವಾಕ್ಯ ವ್ಯಾನು ಮಾಡಿಕೊಂಡು ಬಂದು ಎಲೆ ಮುಂದೆ ಕೂತಿತ್ತು. ಮೇಷ್ಟ್ರು ಸಾರಿನ ಬಕೆಟ್ಟು ಹಿಡಿದು, ಶಾಲೆಗೆ ಇನ್‌ಸ್ಪೆಕ್ಟರ್ ಬಂದ ದಿನದಂತೆ ಬೆವರುತ್ತಿದ್ದರು.

"ಸುಳ್ಳು ಅನ್ನೋಹಂಗಿಲ್ಲ, ನಾನೇ ಬರೆದಿರೋದು," ಎಂದು ನಿಂಗರಾಜುವಿನ ಕಿವಿಯಲ್ಲಿ ಪಿಸುಗುಟ್ಟಿದರು. "ನಾಲ್ಕು ತಲೆಮಾರಿಂದ ಈ ಮನೆಗೆ ಜಪ್ತಿ ಮಾಡೋ ಅಮೀನ ಬಿಟ್ರೆ ಯಾರೂ ಬಂದಿರಲಿಲ್ಲ ಕಣಪ್ಪ. ಬರೆಯುವಾಗ ಕೈ ಸ್ವಲ್ಪ ಧಾರಾಳವಾಯಿತು."

ಅವರ ತಾಯಿ ರಾಮಮ್ಮ ಮಾತ್ರ ಎಂಬತ್ತರ ಮೇಲಾದರೂ ಮಗಳ ಮದುವೆ ಮನೆಯಲ್ಲಿರುವಂತೆ ಓಡಾಡುತ್ತಿದ್ದಳು. "ಅವರೆಕಾಳ್ ಸಾರು ಕಣಪ್ಪ, ಮುದ್ದೆ ನುಂಗು, ನಾಚ್ಕಬೇಡ," ಎಂದು ಒಬ್ಬೊಬ್ಬರ ಎಲೆಯ ಮುಂದೂ ಬಗ್ಗುತ್ತಿದ್ದಳು. ನಿಂಗರಾಜುವಿಗೂ ಎರಡು ಮುದ್ದೆ ಬಿತ್ತು. ಮಾಡಿದ ತಪ್ಪನ್ನು ತಾನೇ ಉಣ್ಣುವುದು ಅಂದರೆ ಇದೇ ಇರಬೇಕು ಅನ್ನಿಸಿ, ಅವನು ತಲೆ ತಗ್ಗಿಸಿ ಉಂಡ.

ವ್ಯಾನು ಹೊರಟ ಮೇಲೆ ಅವನು ಧೈರ್ಯ ಮಾಡಿ ನಡುಮನೆಗೆ ಹೋದ. ನೂರು ಪುಸ್ತಕದ ಕಟ್ಟು ಮೂಲೆಯಲ್ಲೇ ಇತ್ತು. ಬರೆದವರಿಗೆ ಬಾಯಿಪಾಠ, ನೆಂಟರಿಗೆ ತಮ್ಮ ಹೆಸರಿನ ಪುಟ ಸಾಕು. ಯಾರೂ ಮೂರನೇ ಫಾರಂ ಮುಟ್ಟಿರಲಿಲ್ಲ, ರಾಮಮ್ಮನೊಬ್ಬಳನ್ನು ಬಿಟ್ಟು. ಅವಳು ಒಂದು ಪ್ರತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಚಡ್ಡಿ ತೊಟ್ಟ ಹನ್ನೊಂದು ಹುಡುಗರ ಫೋಟೊ.

"ನಂಗೆ ಓದಕ್ ಬರಲ್ಲ ಮಗ. ಇವ್ರೆಲ್ಲ ಯಾರು?"

"ಅದುನ್ನೇ ಯೋಳಾಕ್ ಬಂದೆ ಅಜ್ಜಿ…"

ಅವಳ ಬೆರಳು ಕೊನೆಯಲ್ಲಿ ನಿಂತ ಹುಡುಗನ ಮೇಲಿತ್ತು. "ನನ್ ಮೊದುಲ್ನೇ ಕೂಸು ಮೂರ್ ವರ್ಸಕ್ಕೆ ಓಯ್ತು. ಒಂದ್ ಫೋಟೊನೂ ತೆಗುಸ್ಲಿಲ್ಲ. ಬದ್ಕಿದ್ರೆ ಈ ವಯಸ್ಗೆ ಇಂಗೇ ಇರ್ತಿದ್ದ. ಕಿವಿ ನೋಡು, ನಮ್ ಯಜಮಾನ್ರುದೇ ಕಿವಿ." ಬೆರಳು ತೆಗೆಯದೆ ಕೇಳಿದಳು. "ಇವ್ರು ನಮ್ಮೋರೇ ತಾನೆ?"

ನಿಂಗರಾಜು ಖಾಲಿ ಚೀಲದ ಬಾಯಿ ಬಿಗಿದ.

"ನಿಮ್ಮೋರೇ ಅಜ್ಜಿ. ಅನ್ನೊಂದ್ ಜನಾನೂವೆ."

ಅವಳು ಹೊರಗಿನ ಖಾಲಿ ಜಗಲಿ ನೋಡಿ, "ನಾಳೀಕೂ ಯಾರಾರ ಬಂದಾರಾ?" ಎಂದಳು.

ಬಸ್ಸಿನಲ್ಲಿ ಅವನು ಕವಿತಳ ಅಪ್ಪನಿಗೆ ಏನು ಹೇಳುವುದೆಂದು ಯೋಚಿಸುತ್ತ ಬಂದ. ಸಂಜೆ ಪ್ರೆಸ್ಸಿಗೆ ಕಾಲಿಟ್ಟರೆ, ಸದಾಶಿವಪ್ಪನವರು ನೆಲದ ಮೇಲೆ ಕೂತು, ಬೆರಳಿಗೆಲ್ಲ ಸೂಜಿ ಚುಚ್ಚಿಸಿಕೊಂಡು, ಇನ್ನೂರು ಕೈಪಿಡಿಯನ್ನೂ ತಾವೇ ಬಿಚ್ಚಿ, ಅದರದೇ ಮೂರನೇ ಫಾರಂ ಹಾಕಿ ಹೊಲಿದು ಮುಗಿಸಿದ್ದರು.

"ಬರಿಗೈಲಿ ಬಂದ್ಯಾ?"

ನಿಂಗರಾಜು ಮುಚ್ಚುಮರೆ ಮಾಡದೆ ಎಲ್ಲ ಹೇಳಿದ. ಸದಾಶಿವಪ್ಪನವರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದರು.

"ಆಯಮ್ಮನ್ ತಾವೇ ಇರ್ಲಿ ಬುಡು. ಕಾಲೇಜ್ನೋರ್ನ ಆಗ್ಲೇ ಕೇಳ್ದೆ. ಅದು ಐದ್ ಗೋಲ್ ತಿಂದ್ ವರ್ಸವಂತೆ, ಆ ಪುಟ ಕಳ್ದೋದ್ರೂ ಓಗ್ಲಿ ಅಂದ್ರು. ನಾಳೆ ಎಂದಿನ್ ಟೈಮಿಗ್ ಬಾ."

ನಿಂಗರಾಜು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕೈಪಿಡಿ ಮಾಡಿಸಿದ ಹನೂರಿನ ಅಂಗಡಿ ಮುತ್ತಯ್ಯ ಒಳಗೆ ನುಗ್ಗಿದ.

"ಐವತ್ತೂ ಖಾಲಿ ಕಣ್ರಿ. ಆ ವ್ಯಾನ್ನೋರು ಊಟದ ಫೋಟೊ ತೆಗ್ದು ಎಲ್ರಿಗೂ ಕಳ್ಸವ್ರೆ. ಊಟದ್ ಮನೆ ಇರೋ ಪುಸ್ತಕ್ವೇ ಬೇಕಂತೆ. ಇನ್ನೂರೂ ಕೊಡಿ." ಮೇಲಿನದನ್ನು ಎತ್ತಿ ಮೂವತ್ತಮೂರನೇ ಪುಟ ತೆರೆದ. ರಾಮಾಪುರದ ಬಸ್ಸಿನ ವೇಳೆ. "ಎಲ್ರೀ ಊಟದ್ ಮನೆ? ಯಾವನ್ರೀ ಇದುನ್ನ ಕಿತ್ತೋನು?"

ಸದಾಶಿವಪ್ಪನವರು ಸೂಜಿ ಚುಚ್ಚಿದ ಬೆರಳುಗಳನ್ನು ಪಂಚೆಯೊಳಗೆ ಮುಚ್ಚಿಕೊಂಡರು. ಮೊದಲು ಫ್ಯಾನು ನೋಡಿದರು, ಆಮೇಲೆ ನಿಂಗರಾಜುವನ್ನು.

"ನಮ್ ಬೈಂಡರ್ರು ಕಣ್ರಿ. ಎಂಟ್ನೇ ಕ್ಲಾಸು."

"ಓದ್ದೇ ಇರೋನು ತಿದ್ದಾಕ್ ಯಾಕ್ಲಾ ಓಗಿದ್ದೆ?" ಮುತ್ತಯ್ಯ ಕೆರಳಿದ. "ಇಂತೋನ್ನ ಮಡುಗ್ಕಂಡ್ರೆ ನಾನ್ ಬ್ಯಾರೆ ಪ್ರೆಸ್ ನೋಡ್ಕತೀನಿ. ನಾಳೆ ಮೊದುಲ್ನೇ ಬಸ್ಗೆ ಎಲ್ಲ ಮುಂಚಿನ್ ತರಾನೇ ಇರ್ಬೇಕು. ಒಂದ್ ಸರಿಯಾಗಿದ್ರೂ ನಾ ಮುಟ್ಟಾಕಿಲ್ಲ."

ಸದಾಶಿವಪ್ಪನವರು ಮುಖ ಆ ಕಡೆ ಮಾಡಿಕೊಂಡೇ ಸೂಜಿಗೆ ದಾರ ಪೋಣಿಸಿ ಕೊಟ್ಟರು. ನಿಂಗರಾಜು ಮೊದಲ ಪುಸ್ತಕ ಬಿಚ್ಚಿದ. ಹೋದ ವಾರ ಕಣ್ಣು ಮುಚ್ಚಿಕೊಂಡು ಮಾಡಿದ್ದ ತಪ್ಪನ್ನು ಈಗ ಅವನು ಒಂದೊಂದು ಪುಟವನ್ನೂ ಓದಿ ನೋಡಿ ಮಾಡಬೇಕಾಗಿತ್ತು.