ಮುದುಕರ ಸಾಲಿ, ಮಾಸ್ತರರ ವರ್ಗ

ನಾನು ಮೊದಲ ಸಲ ಸಾಲಿ ಬಿಟ್ಟು ಓಡಿದ್ದು ನಾಗರ ಪಂಚಮಿಯ ದಿನ. ಅವತ್ತು ಸಾಲಿಗೆ ಸೂಟಿ ಇತ್ತೆಂಬುದು ಟಿಕೋಟಾ ದಾಟಿದ ಮೇಲೆ ಹೊಳೆಯಿತು. ತಿರುಗಿ ಹೋದರೆ ಮರ್ಯಾದೆ ಉಳಿಯುವುದಿಲ್ಲವೆಂದು ಹಾಗೇ ನಡೆದೆ. ಅಂದಿನಿಂದ ಎತ್ತ ಹೋದರೂ ಸಾಲಿಯೇ ಎದುರಿಗೆ ಬಂದು ನಿಲ್ಲುತ್ತದೆ. ಬ್ರಿಟಿಷರ ಕೊನೆಯ ವರ್ಷಗಳಲ್ಲಿ ಬಿಜ್ಜರಗಿಯ ಮಾಸ್ತರರೊಬ್ಬರ ಪಡಸಾಲೆಯಲ್ಲಿ ಠಿಕಾಣಿ ಹೂಡಿದ್ದಾಗಲೂ ಅದೇ ಆಯಿತು. ದೊಡ್ಡವರಿಗೆ ಓದು ಕಲಿಸುವ ಸಂಜೆಯ ವರ್ಗ ಅವರ ಕೊರಳಿಗೆ ಬಿದ್ದಿತ್ತು. ಕಂದೀಲು ಹಚ್ಚಿ ಅಕ್ಷರ ತಿದ್ದಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

೧. ಆಡೋ, ಹೋತೋ

ವಿಜಾಪುರದಿಂದ ಶಿಕ್ಷಣ ಖಾತೆಯ ಸಾಹೇಬರು ತಪಾಸಣೆಗೆ ಬಂದರು. ಆಡಿನ ಚಿತ್ರದ ಹಲಗೆ ಎತ್ತಿ ಹಿಡಿದು, ಕುರಿ ಕಾಯುವ ಮುದುಕನಿಗೆ, "ಅಜ್ಜಾ, ಕೆಳಗ ಏನ್ ಬರದೈತಿ ಓದು" ಎಂದರು.

"ಹೋತ ರೀ."

"ಆಡು ಅಂತ ಬರದೈತಲ್ಲೋ!"

"ಬರದಾಂವಗ ತಿಳದಿಲ್ಲ ಬಿಡ್ರಿ. ಗಡ್ಡ ನೋಡ್ರಿ, ಕೋಡು ನೋಡ್ರಿ. ಹೋತನ ಇದು."

ಸಾಹೇಬರಿಗೆ ಸಿಟ್ಟು ಬಂತು. ಚಿತ್ರವನ್ನು ಅಂಗೈಯಿಂದ ಮುಚ್ಚಿ, "ಈಗ ಓದು!" ಎಂದರು.

ಮುದುಕ ಕಣ್ಣು ಕಿರಿದು ಮಾಡಿ ನೋಡಿದ. "ಸಾಹೇಬ್ರ ಕೈ."

೨. ಮಂದಗಿವಿಯ ಉಪಕಾರ

ಹೊರಡುವಾಗ ಸಾಹೇಬರು ಗುಡುಗಿದರು: "ಮಾಸ್ತರ, ಇದಕ್ಕ ನೀವ ಜವಾಬ್ದಾರ. ಮುಂದಿನ ಸಲ ಇವರು ಓದಲಿಲ್ಲಂದ್ರ ನಿಮ್ಮನ್ನ ದೂರದ ಊರಿಗೆ ವರ್ಗ ಮಾಡ್ತೀನಿ." ಮಾಸ್ತರರ ಹೆಂಡತಿ ತುಂಬು ಬಸುರಿ. ಮಾಸ್ತರರ ಮುಖ ಸುಣ್ಣ ಬಳಿದಂತಾಯಿತು.

ಮುದುಕನ ಕಿವಿ ಮಂದ. ವರ್ಗ ಎಂದದ್ದು ಅವನಿಗೆ ಸ್ವರ್ಗ ಎಂದು ಕೇಳಿಸಿತು. ರಾತ್ರಿಯೊಳಗೆ ಅದನ್ನು ಊರಿಗೆಲ್ಲ ಹೇಳಿಬಂದ. ಮರುದಿನ ಸಂಜೆ ಊರಿಗೆ ಊರೇ ಪಾಟಿ ಬಳಪ ಹಿಡಿದು ಬಂತು. ಒಬ್ಬ ಅಜ್ಜಿಯಂತೂ ಸೆರಗು ಬಾಯಿಗಿಟ್ಟು ಅತ್ತಳು: "ಯಪ್ಪಾ, ನಾವು ದಡ್ಡರಾದ್ರ ನೀ ಯಾಕ ಸಾಯಬೇಕೋ? ಅ ಆ ಎಲ್ಲೈತಿ, ತೋರಸು!"

ಮಾಸ್ತರರು ತಪ್ಪು ತಿದ್ದಲು ಬಾಯಿ ತೆರೆದರು. ಕಾಲಿಡಲು ಜಾಗವಿಲ್ಲದಂತೆ ಕೂತ ಮಂದಿಯನ್ನು ನೋಡಿ ಮುಚ್ಚಿದರು. ಇಡೀ ನೌಕರಿಯಲ್ಲಿ ಅವರು ತಿದ್ದದೆ ಬಿಟ್ಟ ತಪ್ಪು ಅದೊಂದೇ.

೩. ಪಾಟಿಯ ಮೇಲಿನ ಅರ್ಜಿ

ಸಾಹೇಬರು ಮತ್ತೆ ಬಂದರು. ಈ ಸಲ ಚಿತ್ರದ ಗೊಡವೆಗೆ ಹೋಗಲಿಲ್ಲ. ಮುದುಕನ ಕೈಗೆ ಪಾಟಿ ಕೊಟ್ಟು, "ಮನಸಿನಾಗ ಇದ್ದದ್ದು ಬರಿ" ಎಂದರು. ಮುದುಕ ನಾಲಿಗೆ ಹೊರಚಾಚಿ, ಬೆವರು ಸುರಿಸಿ ಬರೆದ. ಸಾಹೇಬರು ಗಟ್ಟಿಯಾಗಿ ಓದಿದರು: "ನಮ್ಮ ಮಾಸ್ತರಗ ಕೊಲ್ಲಬ್ಯಾಡ್ರಿ."

"ಯಾರೋ ಇವರನ್ನ ಕೊಲ್ಲಾವರು?"

"ನೀವ ರೀ!" ಎಂದಿತು ಇಡೀ ಊರು.

ಸಂಗತಿ ತಿಳಿದು ಸಾಹೇಬರು ನಕ್ಕ ನಗೆಗೆ ತಲೆಯ ರುಮಾಲು ಬಿಚ್ಚಿಹೋಯಿತು. ಮಾಸ್ತರರು ಬಿಜ್ಜರಗಿಯಲ್ಲೇ ಉಳಿದರು. ಆಮೇಲೆ ಸಾಹೇಬರು ಕಣ್ಣೊರೆಸಿಕೊಂಡು, "ಇವರ ಕೈ ಹಿಡದು ತಿದ್ದಿಸಿದಾಂವ ಯಾರು?" ಎಂದು ಕೇಳಿದರು. ಎಲ್ಲರೂ ನನ್ನನ್ನು ತೋರಿಸಿದರು.

"ಭೇಷ್! ಬಬಲೇಶ್ವರದ ಸಂಜಿ ವರ್ಗ ಪೂರಾ ಬಿದ್ದಹೋಗೈತಿ. ನಾಳಿಂದ ಅದು ನಿನ್ನ ಜವಾಬ್ದಾರಿ."

ಅವರ ಟಾಂಗಾದ ಧೂಳು ಅಡಗುವುದರೊಳಗೆ ನಾನು ಕಂಬಳಿ ಸುತ್ತಿ, ತಂಬಿಗೆಯನ್ನು ಗಂಟಿಗೆ ಕಟ್ಟುತ್ತಿದ್ದೆ. ಮುದುಕ ಬಂದು ನಿಂತ.

"ಎಲ್ಲಿಗಿ ಹೊಂಟ್ರಿ, ಸಣ್ಣ ಮಾಸ್ತರ?"

"ಬಬಲೇಶ್ವರಕ್ಕ."

"ಹೌದನ್ರಿ? ಮತ್ತ ಹಿತ್ತಲ ಬಾಗಲಾ ಯಾಕ ತಗದೀರಿ?"